ಕಾಗೆ ಬಡಿದ ಮಾಸ್ಟ್ರು

ಪ್ರಾಣಿಶಾಸ್ತ್ರ ಓದಿದವನು ಲೋಕದಲ್ಲಿ ನಾನೊಬ್ಬನೇ ಅಲ್ಲ. ಕಪ್ಪೆ ಕೊಯ್ದವರಿದ್ದಾರೆ, ಜಿರಳೆ ಕೊಯ್ದವರಿದ್ದಾರೆ, ಎರೆಹುಳು ಕೊಯ್ದೇ ದೊಡ್ಡ ಮನುಷ್ಯರಾದವರಿದ್ದಾರೆ. ಅವರಲ್ಲಿ ಒಬ್ಬರ ಮನೆಗಾದರೂ ಕಪ್ಪೆಗಳು ಗುಂಪು ಕಟ್ಟಿಕೊಂಡು ಬಂದು ಬೈದದ್ದು ಉಂಟಾ? ಇಲ್ಲ. ಇಂಥದ್ದೆಲ್ಲ ಹುಡುಕಿಕೊಂಡು ಬರುವುದು ನನ್ನ ಹತ್ತಿರವೇ. ಒಂದು ಸಲ ಆದರೆ ಗ್ರಹಚಾರ ಎಂದು ಸುಮ್ಮನಿರಬಹುದು, ಮತ್ತೆ ಮತ್ತೆ ಆದರೆ ಎಂತ ಹೇಳುವುದು? ಈಗ ನೆನೆದರೂ ಮೈ ಉರಿಯುತ್ತದೆ. ಹೇಳಿದರೆ ಕೇಳಿದವರು ನಗುತ್ತಾರೆ, ಅದಕ್ಕೆ ಇನ್ನಷ್ಟು ಉರಿಯುತ್ತದೆ. ಆದರೂ ಹೇಳುತ್ತೇನೆ.

ಜಗಳ ಶುರುವಾದದ್ದು

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಲೆಕ್ಚರರ್. ಮನೆ ಅಲ್ಲೇ ಹತ್ತಿರದ ಕಡಿಯಾಳಿಯಲ್ಲಿ, ಅಮ್ಮನ ತವರಿನ ಹಳೆಯ ಮನೆ. ಇದ್ದದ್ದು ನಾನು ಮತ್ತು ಅಮ್ಮ, ಇಬ್ಬರೇ. ವರ್ಷ ವರ್ಷವೂ ಅದೇ ಕಪ್ಪೆಯ ಹೊಟ್ಟೆ ತೋರಿಸಿ ತೋರಿಸಿ ನನಗೆ ಸಾಕಾಗಿತ್ತು. ಸತ್ತ ಪ್ರಾಣಿಯ ಒಳಗೆ ಎಂತ ಉಂಟು ಎನ್ನುವುದಕ್ಕಿಂತ ಜೀವಂತ ಪ್ರಾಣಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವ ಹೊಸ ವಿದ್ಯೆ ಆಗ ಹೊರದೇಶಗಳಲ್ಲಿ ಬೆಳೆಯುತ್ತಿತ್ತು. ನನಗೂ ಅದರಲ್ಲಿ ಸಂಶೋಧನೆ ಮಾಡಬೇಕೆಂಬ ಹುಚ್ಚು ಹಿಡಿಯಿತು. ಹುಲಿ, ಆನೆ ನನ್ನ ಕೈಗೆ ಸಿಗುವಂಥದ್ದಲ್ಲ. ಕಾಗೆ ಸಿಗುತ್ತಿತ್ತು.

ಕಾಪುವಿನಲ್ಲಿದ್ದ ಸೋದರತ್ತೆಯ ಮನೆಯಿಂದ ಒಂದು ಹಳೆಯ ಬೀಸುಬಲೆ ತಂದೆ. ಅಂಗಳದಲ್ಲಿ ಬಂಗುಡೆಯ ತಲೆಗಳನ್ನು ಹರಡಿ, ಬಂದ ಕಾಗೆಗಳಲ್ಲಿ ಕೆಲವನ್ನು ಬಲೆಯಲ್ಲಿ ಹಿಡಿದೆ. ಯಾವ ಕಾಗೆ ಯಾವುದು ಎಂದು ಗೊತ್ತಾಗಲಿ ಎಂದು ಕಾಲಿಗೆ ಕೆಂಪು ನೂಲು ಕಟ್ಟಿ ಬಿಟ್ಟುಬಿಟ್ಟೆ. ಒಂದು ಗರಿ ಕೀಳಲಿಲ್ಲ, ನೋವು ಮಾಡಲಿಲ್ಲ, ತಿಂದ ಮೀನನ್ನು ವಾಪಸ್ಸು ಕೇಳಲಿಲ್ಲ. ಆದರೆ ಹಿಡಿದಷ್ಟು ಹೊತ್ತೂ ಅವು ಕಿರುಚಿದ ಕಿರುಚಾಟಕ್ಕೆ ಕಡಿಯಾಳಿಯ ಕಾಗೆಗಳೆಲ್ಲ ಹಂಚಿನ ಮಾಡಿನ ಮೇಲೆ ಬಂದು ಕೂತು, ಹಿಡಿದವನು ಯಾರು ಎಂದು ಸರಿಯಾಗಿ ನೋಡಿಕೊಂಡವು.

ಮರುದಿನದಿಂದ ನಾನು ಹೊಸಿಲು ದಾಟುವಂತಿಲ್ಲ. ನೂಲು ಕಟ್ಟಿಸಿಕೊಂಡ ಕಾಗೆಗೆ ಸಿಟ್ಟು ಬಂದರೆ ಒಪ್ಪುತ್ತೇನೆ. ಬರೀ ನೋಡಲು ಬಂದವಕ್ಕೆ ಎಂತದ್ದು? ಅವೂ ಬಂದು ಎರಗುತ್ತಿದ್ದವು. ಅಂಗಿ ಬದಲಿಸಿದೆ, ಟೊಪ್ಪಿ ಹಾಕಿದೆ, ಬೇರೆ ದಾರಿ ಹಿಡಿದೆ. ಕೊಡೆ ಬಿಡಿಸಿದರೆ ಮುಂದಿನಿಂದ ಹಾರಿ ಬಂದು, ಕೊಡೆಯ ಕೆಳಗೆ ಇಣುಕಿ, ನಾನೇ ಹೌದೆಂದು ಖಾತ್ರಿ ಮಾಡಿಕೊಂಡು ಕೂಗುತ್ತಿದ್ದವು. ರಸ್ತೆಯಲ್ಲಿ ನೂರು ಜನ ಹೋಗಲಿ, ನೂರರಲ್ಲಿ ನನ್ನನ್ನು ಆರಿಸುತ್ತಿದ್ದವು.

ಆಗ ನನಗೆ ಹೊಳೆಯಿತು. ಕಾಗೆ ಮನುಷ್ಯನ ಮುಖವನ್ನು ಗುರುತು ಹಿಡಿಯುತ್ತದೆ, ಬೇರೆ ಕಾಗೆಗಳಿಗೆ ಕಲಿಸಿಯೂ ಕೊಡುತ್ತದೆ. ಇದಕ್ಕಿಂತ ದೊಡ್ಡ ಸಂಶೋಧನೆ ಬೇಕಾ? ಮಣಿಪಾಲದಲ್ಲಿ ಮೈಸೂರು ಕಡೆಯ ಒಬ್ಬ ಪ್ರೊಫೆಸರರಿದ್ದರು. ಅವರು ಶಿಷ್ಯನಾಗಿ ಸೇರಿಸಿಕೊಂಡರೆ ಮಾತ್ರ ನನಗೆ ಸಂಶೋಧನೆಯ ದಾರಿ. ಓಡಿಹೋಗಿ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿ, ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯಿತು ಅಷ್ಟೆ, ನಿಮ್ಮ ತಲೆಯ ಕೊಬ್ಬರಿ ಎಣ್ಣೆಯ ವಾಸನೆಗೆ ಬರುತ್ತಿರಬೇಕು ಎಂದುಬಿಟ್ಟರು. ನಾನು ಬಿಡಲಿಲ್ಲ. ಕೊನೆಗೆ ಅವರೇ ಒಂದು ಸವಾಲು ಹಾಕಿದರು.

"ಮುಖ ಒಂದು ಬೇರೆ ಆಗಬೇಕು, ಮಿಕ್ಕಿದ್ದೆಲ್ಲ ನೀವೇ ಇರಬೇಕು. ಆಗ ಕಾಗೆ ಏನು ಮಾಡುತ್ತೆ ತೋರಿಸಿ. ತೋರಿಸಿದ ದಿವಸವೇ ನಿಮ್ಮನ್ನ ಸೇರಿಸಿಕೊಳ್ತೀನಿ."

ಹೊರಗೆ ಬಂದು ಬಸ್ಸಿಗೆ ಕಾದು ನಿಂತೆ. ಮಣಿಪಾಲದ ಕಾಗೆಗಳು ನನ್ನ ಕಡೆ ಕತ್ತು ತಿರುಗಿಸಿಯೂ ನೋಡಲಿಲ್ಲ. ಕಡಿಯಾಳಿಯಲ್ಲಿ ನನಗಿದ್ದ ಮರ್ಯಾದೆಯನ್ನು ಆ ಊರಿನಲ್ಲಿ ಪ್ರೊಫೆಸರರೂ ಕೊಡಲಿಲ್ಲ, ಕಾಗೆಯೂ ಕೊಡಲಿಲ್ಲ.

ಮೊದಲನೆಯ ಸಾವು

ಅಷ್ಟರವರೆಗೆ ಕಾಗೆಗಳು ತಲೆಯ ಹತ್ತಿರ ಬಂದು ಹೋಗುತ್ತಿದ್ದವು. ಒಂದು ಆದಿತ್ಯವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದೆ. ಅಮ್ಮ ನೋಡುತ್ತಿದ್ದಂತೆಯೇ ಒಂದು ಕಾಗೆ ಬಂದು ನಡುನೆತ್ತಿಗೆ ಬಡಿಯಿತು. ಅಮ್ಮನ ಕೈಯಿಂದ ಕೊಡಪಾನ ಬಾವಿಗೆ ಬಿತ್ತು.

ಕಾಗೆ ತಲೆಗೆ ಬಡಿದರೆ ಸಾವಿನ ಸೂಚನೆ ಎಂದು ನಮ್ಮಲ್ಲಿ ಹಳೆಯ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಬಡಿಸಿಕೊಂಡವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಬಾಗಿಲವರೆಗೆ ಬಂದ ಸಾವು, ಇಲ್ಲಿ ಅತ್ತು ಆಗಿದೆ, ಇನ್ನು ನನಗೆ ಕೆಲಸ ಇಲ್ಲ ಎಂದು ಹಿಂದೆ ಹೋಗುತ್ತದಂತೆ. ಅತ್ತ ಮೇಲೆ ಸುದ್ದಿ ಸುಳ್ಳು ಎಂದು ತಿಳಿಸಿದರೆ ಮುಗಿಯಿತು.

ನಾನು ಅಮ್ಮನಿಗೆ ವಿಜ್ಞಾನ ಹೇಳಿದೆ. ಕಾಗೆಗೆ ಯಮನ ಪರಿಚಯ ಇಲ್ಲ, ನನ್ನ ಪರಿಚಯ ಉಂಟು, ಅದು ಬಡಿದದ್ದು ಬಲೆಯ ಸಿಟ್ಟಿಗೆ ಎಂದೆ. ಅಮ್ಮ ಕಣ್ಣೊರೆಸಿಕೊಂಡು, "ನಿನ್ನ ಶಾಸ್ತ್ರ ನಿನ್ನ ಕಾಲೇಜಿನಲ್ಲಿ ಇರಲಿ. ನನಗೆ ಇರುವುದು ನೀನೊಬ್ಬ," ಎಂದರು. ನಾನು ಬಾವಿಗೆ ಬಿದ್ದ ಕೊಡಪಾನ ಎತ್ತಲು ಹಗ್ಗ ಇಳಿಸಿದೆ.

ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಎಂದರೆ ಬರೀ ಟಿಕೆಟು ಕೊಡುವವನಲ್ಲ. ಮಲ್ಲಿಗೆಯ ಅಟ್ಟಿ, ಮದ್ದಿನ ಬಾಟ್ಲಿ, ಮರೆತುಬಂದ ಬೀಗದ ಕೈ, ಬಾಣಂತಿಯ ಕ್ಷೇಮಸಮಾಚಾರ, ಎಲ್ಲ ಅವನ ಕೈಯಲ್ಲೇ ಹೋಗಬೇಕು. ಅಮ್ಮ ಕಾಪುವಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ನಾನು ಸತ್ತೆ ಎಂದು ಅತ್ತೆಗೆ ತಿಳಿಸಲು ಹೇಳಿದರು. ಅದರ ಹಿಂದೆ ಹೊರಡುವ ಬಸ್ಸಿನವನಿಗೆ ನಾನು ಸಾಯಲಿಲ್ಲ ಎಂದು ತಿಳಿಸಲು ಹೇಳಿದರು. ನಡುವೆ ಅತ್ತೆ ಅಳುವಷ್ಟು ಸಮಯ ಇತ್ತು. ಏರ್ಪಾಡು ಚೆನ್ನಾಗಿಯೇ ಇತ್ತು. ಆದರೆ ಹಿಂದಿನ ಬಸ್ಸು ಕಟಪಾಡಿಯಲ್ಲಿ ಕೆಟ್ಟು ನಿಂತಿತು. ಸಾವಿನ ಬಸ್ಸು ಮಾತ್ರ ಸಮಯಕ್ಕೆ ಸರಿಯಾಗಿ ಮುಟ್ಟಿತು.

ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಕುಚ್ಚಲಕ್ಕಿಯ ಅನ್ನ, ಬಂಗುಡೆಯ ಸಾರು. ದೂರದಿಂದಲೇ ಅಳು ಕೇಳಿಸಿತು. ಅತ್ತೆ, ಅವರ ಮನೆಯವರು, ಜೊತೆಗೆ ಬಸ್ಸಿನಲ್ಲಿ ಅತ್ತೆಯ ಅಳು ಕೇಳಿ ತಡೆಯಲಾರದೆ ಇಳಿದುಬಂದ ಪರಿಚಯವೇ ಇಲ್ಲದ ಇಬ್ಬರು ಹೆಂಗಸರು. ಅತ್ತೆ ಒಳಗೆ ಬಂದು ನನ್ನನ್ನು ನೋಡಿದರು. ಅಳು ಅರ್ಧದಲ್ಲಿ ನಿಂತಿತು. ಮುಖದಲ್ಲಿ ಸಂತೋಷದ ಒಂದು ಚೂರಾದರೂ ಕಾಣಬೇಡವೇ? ಅತ್ತೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು.

"ನಾನು ಬಾಯಿಗೆ ಒಂದು ತೊಟ್ಟು ನೀರು ಬಿಡಲಿಲ್ಲ ಅತ್ತಿಗೆ. ಇವನಿಗೆ ಸತ್ತ ದಿನವೂ ಮೀನು ಬೇಕಾಯಿತಾ?"

ಅಮ್ಮ ಅವರನ್ನೆಲ್ಲ ಸಮಾಧಾನ ಮಾಡಿ ಊಟಕ್ಕೆ ಕೂರಿಸಿದರು. ಅತ್ತು ಬಂದವರಿಗೆ ಹಸಿವು ಹೆಚ್ಚು. ಅನ್ನ ಮುಗಿಯಿತು, ಸಾರು ಮುಗಿಯಿತು, ನನ್ನ ಬಟ್ಟಲಿಗೆ ತೆಗೆದಿಟ್ಟ ತುಂಡನ್ನೂ ಆ ಪರಿಚಯವಿಲ್ಲದ ಹೆಂಗಸರಿಗೆ ಬಡಿಸಿದರು. ನನ್ನ ಸಾವಿನ ದಿನ ಅರೆಹೊಟ್ಟೆಯಲ್ಲಿ ಎದ್ದವನು ನಾನೊಬ್ಬನೇ.

ಮಾವಿನ ಮರ

ಕಾಗೆಗಳು ಒಂದು ಸಲಕ್ಕೆ ಬಿಡುವವಲ್ಲ. ಎಪ್ರಿಲ್ ಕಳೆದು ಮೇ ಬರುವಾಗ ಇನ್ನೊಂದು ಸಲ ಬಡಿದವು. ಅತ್ತೆಗೆ ಈಗ ಗುಟ್ಟು ಗೊತ್ತು, ಅವರು ಅಳುವುದಿಲ್ಲ. ಹಾಗಾಗಿ ಅಮ್ಮ ಕಾರ್ಕಳದಲ್ಲಿದ್ದ ತನ್ನ ಅಣ್ಣನಿಗೆ, ಎಂದರೆ ನನ್ನ ಸೋದರಮಾವನಿಗೆ, ಸುದ್ದಿ ಕಳಿಸಿದರು. ಕಳಿಸಿ, ನನ್ನ ಹೆಸರಿನಲ್ಲಿ ಪೂಜೆ ಮಾಡಿಸಲು ಮನೆಗೆ ಬೀಗ ಹಾಕಿ ದೇವಸ್ಥಾನಕ್ಕೆ ಹೋದರು.

ಸೋದರಮಾವ ಅಳುವ ಜಾತಿಯಲ್ಲ, ಕೆಲಸದ ಜಾತಿ. ಸುದ್ದಿ ಮುಟ್ಟಿದ ಕೂಡಲೇ ಪಂಚೆ ಎತ್ತಿ ಕಟ್ಟಿ ಬಸ್ಸು ಹತ್ತಿದರು. ಬಂದು ನೋಡಿದರೆ ಮನೆಗೆ ಬೀಗ. ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿಲ್ಲ, ಬರುವಷ್ಟರಲ್ಲಿ ಕಟ್ಟಿಗೆಯಾದರೂ ಸಿದ್ಧ ಮಾಡುವ ಎಂದು ಅವರೇ ತೀರ್ಮಾನಿಸಿದರು. ನಮ್ಮಲ್ಲಿ ಸತ್ತವರನ್ನು ಸುಡಲು ಮನೆಯ ಹತ್ತಿರದ ಮಾವಿನ ಮರ ಕಡಿಯುವುದು ಪದ್ಧತಿ. ನಮ್ಮ ಅಂಗಳದ ಮೂಲೆಯಲ್ಲಿ ಒಂದು ಮರ ಇತ್ತು. ಅದರ ತರಗೆಲೆ ತನ್ನ ಅಂಗಳಕ್ಕೆ ಬೀಳುತ್ತದೆ ಎಂದು ವರ್ಷಗಟ್ಟಲೆ ಜಗಳ ಮಾಡಿದ ನೆರೆಮನೆಯವನು ಅಲ್ಲೇ ಇದ್ದ. ಅವನು ಕೊಡಲಿ ತಂದ, ಆಳುಗಳನ್ನೂ ತಂದ. ಜೀವಮಾನದಲ್ಲಿ ಅವನು ನಮಗೆ ಅಷ್ಟು ಉಪಕಾರ ಮಾಡಿದ್ದಿಲ್ಲ.

ನಾನು ಕಾಲೇಜಿನಿಂದ ಬರುವಾಗ ಮರ ನೆಲಕ್ಕೆ ಬಿದ್ದಿತ್ತು. ನೆರೆಮನೆಯವನು ಬಗ್ಗಿಕೊಂಡು ಕೊಂಬೆ, ಗೆಲ್ಲು ಸವರುತ್ತಿದ್ದ. ಯಾರು ಸತ್ತದ್ದು ಎಂದು ಕೇಳಿದೆ.

"ಈ ಮನೆಯ ಮಾಸ್ಟ್ರು ಮಾರಾಯ್ರೆ, ಕಾಗೆ ಬಡಿದು," ಎಂದ ಅವನು ತಲೆಯೆತ್ತದೆ. "ಸ್ವಲ್ಪ ಆ ಗೆಲ್ಲು ಹಿಡಿಯಿರಿ."

ನಾನು ಹಿಡಿದೆ. ಎಂತಕ್ಕೆ ಹಿಡಿದೆ ಎಂದು ಕೇಳಬೇಡಿ. ಅದೇ ಗೆಲ್ಲಿನಲ್ಲಿ ಒಂದು ಕಾಗೆಗೂಡು ಇತ್ತು. ಮರಿಗಳು ಪುಣ್ಯಕ್ಕೆ ಹಾರಿಹೋಗಿದ್ದವು. ಆದರೆ ಹಿರಿಯ ಕಾಗೆಗಳು ತಿರುಗಿ ಬಂದು ನೋಡುವಾಗ ಮರ ಇಲ್ಲ, ಮುರಿದ ಗೂಡು ಹಿಡಿದುಕೊಂಡು ನಿಂತವನು ನಾನು. ಕಡಿಸಿದವನು ಸೋದರಮಾವ, ಕಡಿದವನು ನೆರೆಮನೆಯವನು, ಕಾಗೆಗಳ ಲೆಕ್ಕದಲ್ಲಿ ಅಪರಾಧಿ ಮತ್ತೆ ನಾನೇ.

ಅಮ್ಮ ಬಂದು ವಿಷಯ ಬಿಡಿಸಿ ಹೇಳಿದ ಮೇಲೆ ಸೋದರಮಾವ ಕಡಿದ ಮರದ ಬುಡದಲ್ಲಿ ಕೂತರು. ಅವರು ಹುಟ್ಟಿ ಬೆಳೆದ ಮನೆ, ಚಿಕ್ಕಂದಿನಲ್ಲಿ ಹತ್ತಿ ಹಣ್ಣು ತಿಂದ ಮರ. ನೋಡುತ್ತಿದ್ದಂತೆಯೇ ಅವರ ಕಣ್ಣಿನಲ್ಲಿ ದಳದಳ ನೀರು ಸುರಿಯಿತು. ಅಮ್ಮನಿಗೆ ಸಮಾಧಾನವೋ ಸಮಾಧಾನ. ಯಾವುದಕ್ಕೆ ಅತ್ತರೂ ಕಣ್ಣೀರು ಕಣ್ಣೀರೇ, ಪರಿಹಾರ ಆಯಿತು ಎಂದರು. ಸೋದರಳಿಯ ಸತ್ತನೆಂದು ಕೇಳಿ ಕಾರ್ಕಳದಿಂದ ಉಡುಪಿಯವರೆಗೆ ಒಂದು ಹನಿ ಬರಲಿಲ್ಲ, ಮಾವಿನ ಮರಕ್ಕೆ ಕೊಡಪಾನ ತುಂಬುವಷ್ಟು ಬಂತು.

ಎಡೆಯ ಕರೆ

ಊರಿನಲ್ಲಿ ಸುದ್ದಿ ಹಬ್ಬಿತು. ನನ್ನ ಸಂಶೋಧನೆಯ ಸುದ್ದಿಯಲ್ಲ, ನನಗೆ ಶನಿ ಹಿಡಿದ ಸುದ್ದಿ. ಎಳ್ಳೆಣ್ಣೆಯ ದೀಪ ಹಚ್ಚಿ ಎಂದು ಒಬ್ಬರು, ಶನಿವಾರ ಕಾಗೆಗೆ ಅನ್ನ ಹಾಕಿ ಎಂದು ಇನ್ನೊಬ್ಬರು. ಅನ್ನ ಯಾಕೆ, ನಾನು ಮೀನೇ ಹಾಕಿದವನು. ಎಲ್ಲ ಶುರುವಾದದ್ದೇ ಅಲ್ಲಿಂದ ಎಂದರೆ ಯಾರು ಕೇಳುತ್ತಾರೆ?

ಹೀಗಿರುವಾಗ ನಾಲ್ಕು ಮನೆ ಆಚೆಯ ದೊಡ್ಡ ಮನೆಯೊಂದರಿಂದ ಬೆಳ್ಳಂಬೆಳಗ್ಗೆ ನನಗೆ ಹೇಳಿಕೆ ಬಂತು. ಅವರಲ್ಲಿ ಅವತ್ತು ತಂದೆಯ ಶ್ರಾದ್ಧ, ತಪ್ಪದೆ ಬರಬೇಕು ಎಂದು. ನನಗೆ ಆಶ್ಚರ್ಯ. ಅವರಿಗೂ ನಮಗೂ ಅಂಥ ಬಳಕೆ ಇರಲಿಲ್ಲ. ವಿದ್ಯೆಗೆ ಎಲ್ಲಿಯಾದರೂ ಬೆಲೆ ಇದ್ದೇ ಇರುತ್ತದೆ ಎಂದುಕೊಂಡು ಮಡಿ ಪಂಚೆ ಉಟ್ಟು ಹೋದೆ.

ಅಲ್ಲಿ ಕಾಗೆಗೆ ಎಡೆ ಇಟ್ಟು ಎಲ್ಲರೂ ಆಕಾಶ ನೋಡುತ್ತ ನಿಂತಿದ್ದರು. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ, ಒಂದು ಕಾಗೆಯ ಸುಳಿವಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟೆನೋ ಇಲ್ಲವೋ, ಎಲ್ಲಿದ್ದವೋ ಏನೋ, ಕಡಿಯಾಳಿಯ ಕಾಗೆಗಳೆಲ್ಲ ಬಂದು ನನ್ನ ತಲೆಯ ಮೇಲೆ ಸುತ್ತತೊಡಗಿದವು. ಮನೆಯವರ ಮುಖ ಅರಳಿತು. ಯಜಮಾನರು ಬಂದು ನನ್ನ ಕೈ ಹಿಡಿದುಕೊಂಡರು. ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದು ನಾನು ಚಪ್ಪಲಿ ಬಿಟ್ಟೆ.

"ದೊಡ್ಡ ಉಪಕಾರ ಆಯಿತು ಮಾಸ್ಟ್ರೆ," ಎಂದರು ಅವರು. "ಇನ್ನು ನೀವು ಹೊರಡಿ. ನೀವು ಇದ್ದರೆ ಅವು ಎಡೆಯ ಕಡೆ ನೋಡುವುದಿಲ್ಲ ಅಲ್ವಾ."

ಹೊರಟೆ. ಬೇಲಿಯ ಮರೆಯಿಂದ ನೋಡಿದರೆ, ನಾನು ಕಣ್ಣಿಗೆ ಕಾಣದ ಮೇಲೆ ಕಾಗೆಗಳು ಇಳಿದು ಎಡೆ ಮುಟ್ಟಿದವು. ಆಮೇಲೆ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಶ್ರಾದ್ಧವಾದರೂ ನನಗೆ ಕರೆ ತಪ್ಪಲಿಲ್ಲ. ವಿಶ್ವವಿದ್ಯಾಲಯದ ಪದವಿ ಇದ್ದ ಮನುಷ್ಯನನ್ನು ಹಾಗೆ ಬಳಸುವುದಾ? ವಡೆ ಕಾಗೆಗೆ, ಪಾಯಸ ಅವರಿಗೆ, ನನಗೆ ಬೇಲಿ.

ಬಣ್ಣದ ವೇಷ

ಪ್ರೊಫೆಸರರ ಸವಾಲು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮುಖ ಒಂದು ಬೇರೆ ಆಗಬೇಕು, ಉಳಿದದ್ದು ನಾನೇ ಇರಬೇಕು. ಮುಖ ಬದಲಿಸುವುದು ಹೇಗೆ? ನಮ್ಮ ಹಿಂದಿನ ಬೀದಿಯಲ್ಲಿ ಯಕ್ಷಗಾನ ಮೇಳದ ಒಬ್ಬ ವೇಷಧಾರಿ ಇದ್ದರು. ರಾಕ್ಷಸನ ಪಾತ್ರಕ್ಕೆ ಹೆಸರಾದವರು. ಮಳೆಗಾಲದಲ್ಲಿ ಮೇಳದ ತಿರುಗಾಟ ಇರುವುದಿಲ್ಲ, ಮನೆಯಲ್ಲೇ ಇದ್ದರು. ಕೈಗೆ ಕೆಲಸವಿಲ್ಲದೆ ಬೇಸತ್ತಿದ್ದ ಅವರು ಕಾರಣವನ್ನೂ ಕೇಳದೆ ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಕಪ್ಪು, ಕೆಂಪು, ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳ ಚುಟ್ಟಿ, ಹಣೆಯಿಂದ ಗಲ್ಲದವರೆಗೆ ಬಿಡಲಿಲ್ಲ. ಕನ್ನಡಿಯಲ್ಲಿ ನೋಡಿ ನಾನೇ ಹಿಂದೆ ಸರಿದೆ. ಕುತ್ತಿಗೆಯಿಂದ ಮೇಲೆ ರಾಕ್ಷಸ, ಕೆಳಗೆ ಇಸ್ತ್ರಿ ಹಾಕಿದ ಅಂಗಿ, ಪ್ಯಾಂಟು, ಕಂಕುಳಲ್ಲಿ ಕೊಡೆ.

ಹಾಗೇ ಬೀದಿಗಿಳಿದೆ. ಕಾಗೆಗಳು ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಕತ್ತು ಕೊಂಕಿಸಿ ನೋಡಿದವು, ಬೇರೆ ಕಡೆ ತಿರುಗಿದವು. ಒಂದೂ ಏಳಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ನೆಟ್ಟಗೆ ತಲೆಯೆತ್ತಿ ಆ ಬೀದಿಯಲ್ಲಿ ನಡೆದೆ. ಕಣ್ಣಿನಲ್ಲಿ ನೀರು ಬಂತು ಎಂದರೆ ಸುಳ್ಳಲ್ಲ. ಬೀದಿನಾಯಿಗಳು ಬಾರದೆ ಇದ್ದಿದ್ದರೆ ಅದು ನನ್ನ ಬದುಕಿನ ಅತ್ಯುತ್ತಮ ದಿನ ಆಗುತ್ತಿತ್ತು. ನಾಯಿಗಳಿಗೆ ಮುಖದ ಚರ್ಚೆ ಬೇಡ, ಅವುಗಳಿಗೆ ಕಾಲು ಸಾಕು.

ಪ್ಯಾಂಟು ಹರಿದರೂ ಪ್ರಯೋಗ ಗೆದ್ದಿತು. ಮಣಿಪಾಲಕ್ಕೆ ಹೋಗಿ ಪ್ರೊಫೆಸರರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಒಂದು ದಿನ ನಮ್ಮ ಕಾಲೇಜಿಗೆ ಬಂದು ನೋಡಲು ಒಪ್ಪಿಸಿದೆ. ಕಡಿಯಾಳಿಯಿಂದ ಕಾಲೇಜಿನವರೆಗೂ ಕಾಗೆಗಳು ನನ್ನನ್ನು ದಿನವೂ ಬಿಟ್ಟು ಬರುತ್ತಿದ್ದವು, ಹಾಗಾಗಿ ಅಲ್ಲಿ ಅವುಗಳಿಗೆ ಕೊರತೆ ಇರಲಿಲ್ಲ. ನಾನು ಬಣ್ಣದ ಮುಖದಲ್ಲಿ ಬರಬೇಕು, ಕಾಗೆಗಳು ಸುಮ್ಮನಿರಬೇಕು. ಪಕ್ಕದಲ್ಲಿ ನನ್ನ ಮುಖದ ಫೋಟೋ ಇಡಬೇಕು, ಕಾಗೆಗಳು ಅದರ ಮೇಲೆ ಬೀಳಬೇಕು. ಅದಕ್ಕಾಗಿ ಸ್ಟುಡಿಯೋದಲ್ಲಿ ನನ್ನ ಮುಖವನ್ನು ನಿಜವಾದ ಅಳತೆಗಿಂತ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಸ್ಟುಡಿಯೋದವನು ಹುಡುಗಿಯ ಮನೆಯವರಿಗೆ ತೋರಿಸಲಿಕ್ಕಾ ಎಂದು ಕೇಳಿದ. ಕಾಗೆಗಳಿಗೆ ತೋರಿಸಲಿಕ್ಕೆ ಎಂದೆ. ಅವನು ದುಡ್ಡನ್ನು ಮೊದಲೇ ತೆಗೆದುಕೊಂಡು ಕಟ್ಟಿಕೊಟ್ಟ.

ಸಂತಾಪ

ಆ ದಿನವೂ ಬಂತು. ಫೋಟೋವನ್ನು ಹಿಂದಿನ ದಿನವೇ ಕಾಲೇಜಿನ ಸ್ಟಾಫ್ ರೂಮಿನ ಕಪಾಟಿನಲ್ಲಿ ಇಟ್ಟು ಬಂದಿದ್ದೆ. ಬೆಳಿಗ್ಗೆ ಬಣ್ಣ ಹಾಕಿಸಿಕೊಳ್ಳಲು ಹೊರಟವನು ಇನ್ನೂ ನಮ್ಮ ಅಂಗಳ ದಾಟಿರಲಿಲ್ಲ, ಕಾಗೆ ಬಂದು ನೆತ್ತಿಗೆ ಬಡಿಯಿತು. ಅಮ್ಮ ಜಗಲಿಯಲ್ಲೇ ನಿಂತಿದ್ದರು. ನಾನು ಅವಸರದಲ್ಲಿ ತಲೆ ಸವರಿಕೊಂಡು ಹೋಗಿಬಿಟ್ಟೆ.

ಅಮ್ಮನಿಗೆ ಪೇಚಾಟ. ಅತ್ತೆ ಅಳುವುದಿಲ್ಲ, ಸೋದರಮಾವನಿಗೆ ಕಳಿಸಿದರೆ ಇನ್ನು ಕಡಿಯಲು ಮರ ಇಲ್ಲ. ಉಳಿದ ನೆಂಟರಿಗೆಲ್ಲ ಅತ್ತೆಯೇ ಎಚ್ಚರಿಕೆ ಕೊಟ್ಟಾಗಿದೆ. ಏನೂ ಗೊತ್ತಿಲ್ಲದೆ ನಂಬಿ ಅಳುವವರು ಯಾರಿದ್ದಾರೆ? ಹಗಲಿರುಳು ನನ್ನ ಬಾಯಲ್ಲಿ ಕೇಳಿದ ಒಂದೇ ಹೆಸರು ಅವರಿಗೆ ನೆನಪಾಯಿತು. ಮಣಿಪಾಲದ ಬಸ್ಸಿನ ಕಂಡಕ್ಟರನನ್ನು ಹಿಡಿದು, ನಾನು ಸತ್ತೆನೆಂದು ಪ್ರೊಫೆಸರರಿಗೆ ತಿಳಿಸಲು ಹೇಳಿದರು. ಹಿಂದಿನ ಬಸ್ಸಿನಲ್ಲಿ ಬದುಕಿದ ಸುದ್ದಿಯನ್ನೂ ಕಳಿಸಿದರು. ಆದರೆ ವಿದ್ಯಾವಂತರಿಗೆ ಹಿಂದಿನ ಬಸ್ಸಿಗೆ ಕಾಯುವ ತಾಳ್ಮೆ ಎಲ್ಲುಂಟು? ಪ್ರೊಫೆಸರರು ಸಿಕ್ಕಿದ ಕಾರು ಹತ್ತಿ ನೆಟ್ಟಗೆ ನಮ್ಮ ಕಾಲೇಜಿಗೆ ಬಂದು ಪ್ರಿನ್ಸಿಪಾಲರಿಗೆ ಹೇಳಿದರು.

ಪ್ರಿನ್ಸಿಪಾಲರು ಸಂತೆಕಟ್ಟೆ ಕಡೆಯ ಕ್ರೈಸ್ತರು, ಕೊಂಕಣಿ ಮನೆಮಾತಿನವರು. ಅವರಿಗೆ ಈ ಕಾಗೆಯ ಪದ್ಧತಿ ಗೊತ್ತಿಲ್ಲ, ಅವರನ್ನು ನಾನು ದೂರುವುದಿಲ್ಲ. ಆದರೆ ನನ್ನ ಸಹೋದ್ಯೋಗಿಗಳಿಗೆ ಗೊತ್ತಿತ್ತು, ಪ್ಯೂನನಿಗೆ ಗೊತ್ತಿತ್ತು, ವಿದ್ಯಾರ್ಥಿಗಳಿಗೆ ಅವರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬನಾದರೂ ಬಾಯಿ ಬಿಟ್ಟನಾ? ಬಾಯಿ ಬಿಟ್ಟರೆ ರಜೆ ಹೋಗುತ್ತದೆ. ಸಂತಾಪ ಸಭೆ, ಆಮೇಲೆ ಎಲ್ಲರೂ ಸಾಲಾಗಿ ನಮ್ಮ ಮನೆಗೆ, ಆಮೇಲೆ ರಜೆ ಎಂದು ಘೋಷಣೆಯಾಯಿತು. ಕಪಾಟಿನಲ್ಲಿ ಫೋಟೋ ಸಿಕ್ಕಿತು. ಪಾಪ, ಮೊದಲೇ ಗೊತ್ತಾಗಿರಬೇಕು, ತಾನೇ ಕಟ್ಟು ಹಾಕಿಸಿಟ್ಟು ಹೋಗಿದ್ದಾನೆ ಎಂದು ಹೇಳಿಕೊಂಡು ಹಾರ ಹಾಕಿ ಮೇಜಿನ ಮೇಲೆ ಇಟ್ಟರು.

ನಾನು ರಾಕ್ಷಸನ ಬಣ್ಣದಲ್ಲಿ ಕಾಲೇಜಿಗೆ ಬಂದಾಗ ಕಾರಿಡಾರಿನಲ್ಲಿ ಎಲ್ಲರೂ ಬೆನ್ನು ಹಾಕಿ ನಿಂತಿದ್ದರು. ಹಿಂದೆ ನಿಂತಿದ್ದ ಪ್ಯೂನ್ ನನ್ನನ್ನು ನೋಡಿ, ಮೇಳದವರೂ ಬಂದಿರಾ, ಮಾಸ್ಟ್ರು ಬದುಕಿರುವಾಗ ಇಷ್ಟು ಜನ ಬೇಕಾದವರು ಇದ್ದರೆಂದು ಗೊತ್ತೇ ಇರಲಿಲ್ಲ ಎಂದು ಪಿಸುಗುಟ್ಟಿ ಜಾಗ ಬಿಟ್ಟ. ಹಾರದ ನಡುವೆ ನನ್ನ ಮುಖ ಕಂಡಿತು. ಅಮ್ಮನ ಕೆಲಸ ಎಂದು ಕೂಡಲೇ ತಿಳಿಯಿತು. ಕೂಗಿ ನಿಲ್ಲಿಸಬೇಕಾಗಿತ್ತು. ಆದರೆ ಪ್ರೊಫೆಸರರು ಮಾತಿಗೆ ಎದ್ದಿದ್ದರು. ನೀವಾದರೂ ಕೇಳದೆ ಇರುತ್ತಿದ್ದಿರಾ?

ಅವರು ಕರವಸ್ತ್ರ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಕಾಗೆಗೆ ಮುಖದ ಗುರುತು ಇರುತ್ತದೆ ಎಂದು ಈ ಯುವಕ ಹೇಳಿದಾಗ ತಾನು ನಕ್ಕದ್ದು ತಪ್ಪು, ಅದು ನೂರಕ್ಕೆ ನೂರು ಸತ್ಯ ಎಂದರು. ಇಂಥ ಬುದ್ಧಿವಂತ ಶಿಷ್ಯ ತನಗೆ ಇನ್ನು ಸಿಗಲಾರ ಎಂದರು. ಇವತ್ತು ಬದುಕಿದ್ದಿದ್ದರೆ ಇವತ್ತೇ ಸೇರಿಸಿಕೊಳ್ಳುತ್ತಿದ್ದೆ ಎಂದು ಹೇಳಿ ಕಣ್ಣೊರೆಸಿಕೊಂಡರು.

"ಹಾಗಾದರೆ ಸೇರಿಸಿಕೊಳ್ಳಿ ಸಾರ್. ನಾನು ಇಲ್ಲೇ ಇದ್ದೇನೆ," ಎಂದೆ ನಾನು ಹಿಂದಿನಿಂದ.

ಎಲ್ಲರೂ ತಿರುಗಿದರು. ಪ್ರಿನ್ಸಿಪಾಲರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸ್ವರದಿಂದ ನನ್ನ ಗುರುತು ಹಿಡಿದ ವಿದ್ಯಾರ್ಥಿಗಳ ಮುಖ ಬಾಡಿತು. ಆ ಸಭೆಯಲ್ಲಿ ನಿಜವಾದ ದುಃಖ ಕಂಡದ್ದು ಅದೊಂದೇ ಗಳಿಗೆ. ನಾನು ಕಾಗೆ ಬಡಿದದ್ದು, ಅಮ್ಮ ಸುದ್ದಿ ಕಳಿಸಿದ್ದು, ಯಾರಾದರೂ ಅತ್ತರೆ ಸಾವು ತಪ್ಪುತ್ತದೆಂಬ ನಂಬಿಕೆ, ಎಲ್ಲ ವಿವರಿಸಿದೆ. ಪ್ರೊಫೆಸರರು ಕರವಸ್ತ್ರವನ್ನು ಜೇಬಿಗೆ ತುರುಕಿದರು. ವಿಜ್ಞಾನ ಓದಿದವರ ಮನೆಯಲ್ಲಿ ಇಂಥ ಮೂಢನಂಬಿಕೆಯೇ ಎಂದು ಎಲ್ಲರ ಎದುರು ಛೀಮಾರಿ ಹಾಕಿದರು. ಅದು ಇರಲಿ ಸಾರ್, ಈಗಷ್ಟೇ ಹೇಳಿದಿರಲ್ಲ, ನೂರಕ್ಕೆ ನೂರು ಸತ್ಯ ಎಂದು, ಎಂದೆ.

"ಸತ್ತವರ ಬಗ್ಗೆ ನಾಲ್ಕು ಒಳ್ಳೆ ಮಾತು ಆಡ್ತೀವಿ ಕಣ್ರೀ," ಎಂದರು ಅವರು. "ಅದನ್ನೆಲ್ಲ ಬದುಕಿರೋರು ನಂಬಬಾರದು."

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ನಾನು ಸತ್ತರೆ ಸಂಶೋಧಕ, ಬದುಕಿದ್ದರೆ ತಲೆಗೆ ಎಣ್ಣೆ ಹಾಕಿಕೊಂಡ ಹುಚ್ಚ. ನೆಟ್ಟಗೆ ಹೋಗಿ, ಹಾರ ಸಮೇತ ಫೋಟೋ ಎತ್ತಿಕೊಂಡು, ಅಂಗಳದ ನಡುವಿನ ಧ್ವಜದ ಕಟ್ಟೆಗೆ ಒರಗಿಸಿ ಇಟ್ಟೆ. ಪಕ್ಕದಲ್ಲಿ ನಾನೂ ನಿಂತೆ. ನೀವು ಹೇಳಬೇಡಿ ಸಾರ್, ಕಾಗೆಗಳೇ ಹೇಳಲಿ ಎಂದೆ.

ಮೊದಲು ಒಂದು ಬಂತು. ಮಾಡಿನ ಮೇಲೆ ಕೂತು ಕತ್ತು ಓರೆ ಮಾಡಿ ಫೋಟೋ ನೋಡಿತು. ಒಂದು ಕೂಗು ಹಾಕಿತು. ಆಮೇಲೆ ನೋಡಬೇಕಿತ್ತು. ಎಲ್ಲ ದಿಕ್ಕಿನಿಂದ ಬಂದವು. ಕೈಗೆಟಕುವಷ್ಟು ಹತ್ತಿರ ನಿಂತಿದ್ದ ನನ್ನನ್ನು ಒಂದೂ ಮುಟ್ಟಲಿಲ್ಲ, ಒಂದರ ಹಿಂದೆ ಒಂದು ಹೋಗಿ ಫೋಟೋಕ್ಕೆ ಬಡಿದವು. ಹಾರ ಚಿಂದಿಯಾಯಿತು, ಗಾಜು ಬಿರುಕು ಬಿಟ್ಟಿತು. ಕಾಲಿನಲ್ಲಿ ಮಾಸಿದ ಕೆಂಪು ನೂಲಿದ್ದ ಒಂದು ಕಾಗೆಯಂತೂ ನನ್ನ ಮೂಗನ್ನೇ ಹುಡುಕಿ ಕುಕ್ಕಿತು.

ಪ್ರೊಫೆಸರರು ಮೆಲ್ಲಗೆ ಅಂಗಳಕ್ಕೆ ಇಳಿದರು. ಕಣ್ಣು ಇಷ್ಟಗಲ ಆಗಿತ್ತು. ಎಷ್ಟಾದರೂ ವಿಜ್ಞಾನಿ, ಇನ್ನೊಂದು ಸಲ ಪರೀಕ್ಷೆ ಮಾಡದೆ ಬಿಡುವವರಲ್ಲ. ಫೋಟೋವನ್ನು ಎತ್ತಿ ತನ್ನ ಮುಖಕ್ಕೆ ಅಡ್ಡ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದರು. ಬೇಡ ಸಾರ್ ಎನ್ನುವಷ್ಟರಲ್ಲಿ ಕೆಂಪು ನೂಲಿನ ಕಾಗೆ ಬಂದು ಅವರ ಬೋಳು ನೆತ್ತಿಗೆ ಸರಿಯಾಗಿ ಬಡಿದು ಹೋಯಿತು.

ಅವರು ಫೋಟೋ ಕೆಳಗಿಟ್ಟು ನೆತ್ತಿ ಮುಟ್ಟಿ ನೋಡಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, ಮುಖವೇ ಗುರುತು, ಅನುಮಾನವೇ ಇಲ್ಲ, ನಾಳೆಯೇ ಮಣಿಪಾಲಕ್ಕೆ ಬನ್ನಿ, ಸೇರಿಸಿಕೊಳ್ಳುತ್ತೇನೆ ಎಂದರು. ಬದುಕಿರುವವನ ಬಗ್ಗೆ ಆಡಿದ ಮಾತು ಅದು, ನಂಬಬಹುದಾಗಿತ್ತು. ಅಷ್ಟರಲ್ಲಿ ಅವರು ನನ್ನ ರಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದರು. ಒಂದು ಕೈ ನೆತ್ತಿಯ ಮೇಲೇ ಇತ್ತು. ಆಚೆ ಈಚೆ ನೋಡಿ ದನಿ ತಗ್ಗಿಸಿದರು.

"ಮೈಸೂರಿನಲ್ಲಿ ನಮ್ಮಕ್ಕ ಇದ್ದಾಳೆ. ಸಣ್ಣದಕ್ಕೂ ಚೆನ್ನಾಗಿ ಅಳ್ತಾಳೆ. ನಿಮ್ಮ ತಾಯಿಯವರಿಗೆ ಆ ಕಡೆ ಬಸ್ಸಿನ ಕಂಡಕ್ಟರ್ ಯಾರಾದರೂ ಗೊತ್ತಾ?"